ಹಳೆಯ ಅಳತೆ

ಗಾಡಿ ನೇರಳಹಟ್ಟಿಗೆ ಬಂದಾಗ ಬೆಳಕು ಆಗಷ್ಟೇ ಹರಿಯುತ್ತಿತ್ತು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿತ್ತು. ಎತ್ತುಗಳ ಹಗ್ಗ ಹಿಡಿದು ಮುಂದೆ ನಡೆದು ಬರುತ್ತಿದ್ದವನು ಜಯರಾಮನ್, ಕೆಳನಾಡಿನಿಂದ ಊಟಿಗೆ ಉಪ್ಪು ತರುವ ತಮಿಳು ಗಾಡಿಯವನು. ಅವನ ಮೈಮೇಲೆ ಒಂದು ತೆಳ್ಳನೆಯ ಅಂಗಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವನ ಕಂಬಳಿ ಗಾಡಿಯೊಳಗೆ, ಖಾಲಿ ಆಲೂಗಡ್ಡೆ ಚೀಲಗಳ ನಡುವೆ ಬಿದ್ದಿದ್ದ ಭೋಜನ್ ಮೇಲಿತ್ತು. ಕಂಬಳಿಯ ಹೊರಗೆ ಉಳಿದಿದ್ದ ಪಾದಗಳಿಗೆ ಜಯರಾಮನ್ ಒಂದು ಚೀಲ ಸುತ್ತಿ ಹುರಿಯಿಂದ ಕಟ್ಟಿದ್ದ.

ಗಾಡಿ ಭೋಜನ್‌ದು, ಎತ್ತುಗಳೂ ಭೋಜನ್‌ದೇ. ಹಿಂದಿನ ದಿನ ಆಲೂಗಡ್ಡೆ ತುಂಬಿಕೊಂಡು ಊಟಿ ಸಂತೆಗೆ ಹೋಗಿದ್ದ. ಜಯರಾಮನ್ ತನ್ನ ಗಾಡಿಯನ್ನು ಊಟಿಯಲ್ಲೇ ಬಿಟ್ಟು ಸ್ನೇಹಿತನನ್ನು ಮನೆ ಸೇರಿಸಲು ಬಂದಿದ್ದ.

ಬಾಗಿಲು ತೆರೆದ ತಾಯಿ ಲಿಂಗಿ ಮಗನ ಮುಖ ನೋಡಿದಳು. ತುಟಿ ನೀಲಿಯಾಗಿತ್ತು. ಕೆನ್ನೆ ಮುಟ್ಟಿದರೆ ಹೊಳೆಯ ಕಲ್ಲಿನಷ್ಟು ತಣ್ಣಗೆ. ಹೆಸರು ಕರೆದಳು, ತೋಳು ಜಿಗುಟಿದಳು, ಏನೂ ಆಗಲಿಲ್ಲ. ಉಸಿರು ಒಮ್ಮೆ ಬಂದು, ಎಲ್ಲೋ ನಿಂತು, ಮತ್ತೆ ಬರುತ್ತಿತ್ತು. ಅದೇ ಮನೆಯಲ್ಲಿ ಅವಳು ಮಾವನನ್ನೂ ಗಂಡನನ್ನೂ ಕಳಿಸಿಕೊಟ್ಟಿದ್ದಳು. ಆ ಉಸಿರು ಅವಳಿಗೆ ಗೊತ್ತಿತ್ತು.

"ಸಾರಾಯಿ," ಎಂದ ಜಯರಾಮನ್, ತಲೆ ತಗ್ಗಿಸಿ. "ಸಂತೆ ಮುಗಿದ ಮೇಲೆ ಕುಡಿದ್ವಿ, ಅಮ್ಮಾ."

"ಕುಡಿಸಿದೆ ಅನ್ನು."

ಅವನು ಭೋಜನ್‌ನನ್ನು ಒಳಗೆ ಹೊತ್ತು ಮಲಗಿಸಲು ಕೈ ಕೊಟ್ಟು, ಯಾರಿಗೂ ಏನೂ ಹೇಳದೆ ಗುಡ್ಡ ಇಳಿದು ಓಡಿದ. "ತಪ್ಪಿಸಿಕೊಂಡ ನೋಡು," ಎಂದಿತು ಅಂಗಳದಲ್ಲಿ ಒಂದು ದನಿ.

ಭೋಜನ್ ಹೆಂಡತಿ ಚಿನ್ನಿ ಗೋಡೆಗೊರಗಿ ನಿಂತಿದ್ದಳು. ಒಂದು ವರ್ಷಕ್ಕೂ ಸ್ವಲ್ಪ ಮೊದಲು ಇದೇ ಸಾರಾಯಿಯ ದೆಸೆಯಿಂದ ಅವಳು ತೌರಿಗೆ ಹೋಗಿಬಿಟ್ಟಿದ್ದಳು. ಆ ಬೆಟ್ಟಗಳಲ್ಲಿ ಹೆಣ್ಣು ಗಂಡನ ಮನೆ ಬಿಟ್ಟು ಬಂದರೆ ಯಾರೂ ಬಾಯಿಗೆ ಬಂದಂತೆ ಆಡುತ್ತಿರಲಿಲ್ಲ. ಹಿರಿಯರು ಹೋಗಿ ಕಾರಣ ಕೇಳುತ್ತಿದ್ದರು. ಒಂದು ವರ್ಷ ತೊಟ್ಟೂ ಮುಟ್ಟುವುದಿಲ್ಲವೆಂದು ಕುಲದೇವಿ ಹೆತ್ತೆಯ ಗುಡಿಯ ಮುಂದೆ ಆಣೆಯಿಟ್ಟರೆ ಬರುತ್ತೇನೆಂದು ಚಿನ್ನಿ ಹೇಳಿದಳು. ಭೋಜನ್ ಆಣೆಯಿಟ್ಟ. ಒಂದು ಹೆತ್ತೆ ಹಬ್ಬದಿಂದ ಮುಂದಿನ ಹೆತ್ತೆ ಹಬ್ಬದವರೆಗೆ, ಚಳಿಯಲ್ಲೂ ಮಳೆಯಲ್ಲೂ ಮದುವೆಯಲ್ಲೂ ಸಾವಿನಲ್ಲೂ ಅವನು ಮುಟ್ಟಲಿಲ್ಲ. ಆ ವರ್ಷ ಚಿನ್ನಿ ಸ್ವಲ್ಪ ಮೈಕೈ ತುಂಬಿಕೊಂಡಿದ್ದಳು. ಮೊನ್ನೆ ಹಬ್ಬ ಮುಗಿದಿತ್ತು. ಆಣೆಯೂ ಮುಗಿದಿತ್ತು. ಇನ್ನೊಂದು ವರ್ಷ ಕೇಳಬೇಕೆಂದು ಅವಳಿಗೆ ಅನ್ನಿಸಿತ್ತು. ಇಷ್ಟು ನಡೆಸಿಕೊಟ್ಟವನನ್ನು ಮತ್ತೆ ಕಟ್ಟಿಹಾಕುವುದು ಹೇಗೆಂದು ಸುಮ್ಮನಾಗಿದ್ದಳು.

ಲಿಂಗಿ ಪೆಟ್ಟಿಗೆ ತೆರೆದು ಅರಿವೆಯ ಗಂಟು ಬಿಚ್ಚಿದಳು. ಒಳಗಿದ್ದದ್ದು ವೀರರಾಯನ ಹಣ, ತೊಗರಿಬೇಳೆಯಷ್ಟೇ ಇರುವ ಹಳೆಯ ಚಿನ್ನದ ನಾಣ್ಯ. ಈ ಬೆಟ್ಟದ ಬಡಗರ ಮನೆಗಳಲ್ಲಿ ಪ್ರಾಣ ಹೋಗುವ ಮೊದಲು ಅದನ್ನು ತುಪ್ಪದಲ್ಲಿ ಅದ್ದಿ ಬಾಯಿಗಿಡುತ್ತಾರೆ. ಹೋಗುವವರು ಅದನ್ನು ನುಂಗಬೇಕು. ಆಚೆಯ ಲೋಕಕ್ಕೆ ದಾಟುವ ಕಡೆ ಒಂದು ನೂಲಿನ ಸೇತುವೆ ಇದೆಯಂತೆ, ಹಣ ನುಂಗದೆ ಹೋದವರಿಗೆ ಅದು ಸಿಕ್ಕುವುದಿಲ್ಲವಂತೆ. ಅವಸರದ ಸಾವು ಬಂದ ಮನೆಗಳಲ್ಲಿ ಜನ ಮೊದಲು ಕೇಳುವುದೇ, ಹಣ ಕೊಟ್ಟಿರಾ ಎಂದು.

"ತಡ ಮಾಡಬೇಡ, ಅತ್ತಿಗೆ," ಎಂದ ಮೈದುನ ಹಾಲನ್. ಮನೆಗೆ ಈಗ ಅವನೇ ಹಿರಿಯ. ಗಟ್ಟಿ ಗಂಟಲಿನ ಮನುಷ್ಯ, ಆದರೆ ಅಣ್ಣನ ಮಗನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ಉಸಿರು ನೋಡು. ಹೋದ ಮೇಲೆ ಕೊಟ್ಟು ಏನು?"

ಲಿಂಗಿ ತುಪ್ಪದಲ್ಲದ್ದಿದ ಹಣವನ್ನು ಮಗನ ತುಟಿಯವರೆಗೆ ತಂದಿದ್ದಳು.

"ಬೇಡ! ಬಾಯಿಗೆ ಏನೂ ಹಾಕಬೇಡಿ!"

ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವಳು ಮಲ್ಲಮ್ಮ, ಕೆಳಗಿನ ಹಟ್ಟಿಯ ವೀರಶೈವರ ಮನೆಯ ಮಗಳು. ಮದರಾಸಿನಲ್ಲಿ ದಾದಿಯ ಕೆಲಸ ಕಲಿತು, ಪೈಕಾರದ ವಿದ್ಯುತ್ ಕೆಲಸದ ಕ್ಯಾಂಪಿನ ಆಸ್ಪತ್ರೆಯಲ್ಲಿದ್ದಳು. ರಜೆಗೆಂದು ಊರಿಗೆ ಬಂದಿದ್ದಳು. ಅವಳ ಹಿಂದೆ ಜಯರಾಮನ್ ನಿಂತಿದ್ದ. ಅವನು ಓಡಿದ್ದು ಅವಳನ್ನು ಕರೆತರುವುದಕ್ಕೆ. ಒಮ್ಮೆ ಗಾಡಿಯಚ್ಚಿಗೆ ಸಿಕ್ಕಿದ ಅವನ ಬೆರಳಿಗೆ ಕ್ಯಾಂಪಿನಲ್ಲಿ ಅವಳೇ ಕಟ್ಟು ಕಟ್ಟಿದ್ದಳು.

ಮಲ್ಲಮ್ಮ ಮೊದಲು ತನ್ನ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡಳು. ಆಮೇಲೆ ಭೋಜನ್‌ನನ್ನು ಮುಟ್ಟಿದಳು. ನಾಡಿ ನೋಡಿದಳು, ಕಣ್ಣೆವೆ ಎತ್ತಿ ನೋಡಿದಳು. ಚಿತ್ತಾಗಿ ಮಲಗಿದ್ದವನನ್ನು ಎಡಪಕ್ಕಕ್ಕೆ ಹೊರಳಿಸಿ, ಬಾಯಿ ಕೆಳಮುಖವಾಗುವಂತೆ ಕೆನ್ನೆಯಡಿ ಮಡಿಸಿದ ಬಟ್ಟೆ ಇಟ್ಟಳು.

"ಹೀಗೇ ಇರಲಿ. ವಾಂತಿಯಾದರೆ ಹೊರಗೆ ಬರಬೇಕು, ಒಳಕ್ಕೆ ಹೋಗಬಾರದು."

"ಮೈ ತಣ್ಣಗಿದೆ," ಎಂದ ಹಾಲನ್. "ಏ ಜಯರಾಮಾ, ಸೀಸೆಯಲ್ಲಿ ಏನಾದರೂ ಉಳಿದಿದೆಯಾ? ಒಂದು ಗುಟುಕು ಬಿಟ್ಟರೆ ಬಿಸಿ ಹತ್ತುತ್ತೆ. ಚಳಿಯಲ್ಲಿ ಕೂಲಿಯವರಿಗೆ ತೋಟದ ದೊರೆಗಳೇ ಬ್ರಾಂದಿ ಕೊಡುತ್ತಾರೆ."

"ಕೊಡುತ್ತಾರೆ, ಗೌಡರೇ. ಬಿಸಿ ಅನ್ನಿಸುವುದೂ ನಿಜ. ಆದರೆ ಆ ಬಿಸಿ ಸಾರಾಯಿಯದ್ದಲ್ಲ, ನಮ್ಮದೇ. ಒಡಲೊಳಗೆ ಕಾಪಾಡಿಕೊಂಡ ಬಿಸಿಯನ್ನು ರಕ್ತದ ಜೊತೆ ಚರ್ಮಕ್ಕೆ ತಂದು ಗಾಳಿಗೆ ಬಿಟ್ಟುಬಿಡುತ್ತೆ. ಮನೆಯ ಬಾಗಿಲೆಲ್ಲ ತೆರೆದು ಅಂಗಳ ಕಾಯಿಸಿದ ಹಾಗೆ. ಅಂಗಳವೂ ಬಿಸಿಯಾಗಲ್ಲ, ಒಲೆಯೂ ಆರುತ್ತೆ. ಇಡೀ ದಾರಿ ಇವನಿಗೆ ಆಗಿರೋದು ಅದೇ. ಆ ಕಂಬಳಿ ಇಲ್ಲದಿದ್ದರೆ ನಾನು ಬರುವ ಅಗತ್ಯವೇ ಇರುತ್ತಿರಲಿಲ್ಲ."

ಎಲ್ಲರೂ ಬಾಗಿಲ ಕಡೆ ನೋಡಿದರು. ಜಯರಾಮನ್ ಕೈಕಟ್ಟಿ ನಡುಗುತ್ತಿದ್ದ.

"ನಾನೂ ಅಷ್ಟೇ ಕುಡಿದೆ, ನರ್ಸಮ್ಮ," ಎಂದ. "ಇವನಿಗಿಂತ ಒಂದು ಕೈ ಹೆಚ್ಚೇ. ನನಗೆ ಏನೂ ಆಗಲಿಲ್ಲ. ಹಿಂದೆಲ್ಲ ನನ್ನನ್ನ ಮಲಗಿಸಿ ಇವನೇ ನನ್ನ ಎತ್ತು ಕಟ್ಟುತ್ತಿದ್ದ. ನಿನ್ನೆ ಬೇಡ, ನಿಧಾನ ಅಂದೆ. 'ಏನೋ, ಒಂದು ವರ್ಷದಲ್ಲಿ ಭೋಜನ್ ಹೆಂಗಸಾಗಿಬಿಟ್ಟ ಅಂದುಕೊಂಡೆಯಾ' ಅಂತ ನಕ್ಕ. ಮೊದಲು ಕುಡಿಯುತ್ತಿದ್ದಷ್ಟೇ ಲೆಕ್ಕ ಹಾಕಿ ಕುಡಿದ. ಒಂದು ತೊಟ್ಟು ಹೆಚ್ಚಿಲ್ಲ. ಅದೇ ನನಗೆ ಅರ್ಥವಾಗುತ್ತಿಲ್ಲ."

"ಅಲ್ಲೇ ಇರೋದು," ಎಂದಳು ಮಲ್ಲಮ್ಮ. "ದಿನಾ ಕುಡಿಯುವವನ ಮೈ ಆ ಭಾರಕ್ಕೆ ಒಗ್ಗಿಕೊಳ್ಳುತ್ತೆ. ಒಳಗೊಳಗೆ ಹಾಳಾಗುತ್ತಲೇ ಒಗ್ಗಿಕೊಳ್ಳುತ್ತೆ. ಒಂದು ವರ್ಷ ಬಿಟ್ಟರೆ ಒಗ್ಗಿದ್ದು ಹೋಗಿಬಿಡುತ್ತೆ. ಇವನ ಮೈ ಹೊಸದಾಗಿತ್ತು. ಅಳತೆ ಮಾತ್ರ ಹಳೆಯದು."

ಚಿನ್ನಿ ಮುಖ ಮುಚ್ಚಿಕೊಂಡಳು. ತಾನು ಕೇಳಿದ ವರ್ಷವೇ ಅವನನ್ನು ಹೀಗೆ ಕೆಡವಿತೆಂದು ಅವಳಿಗೆ ಅನ್ನಿಸಿರಬೇಕು. ಮಲ್ಲಮ್ಮ ಅದನ್ನು ನೋಡಿದಳು.

"ಚಿನ್ನಿ, ಇಲ್ಲಿ ಬಾ. ಆ ವರ್ಷ ಇಲ್ಲದಿದ್ದರೆ ಇವನ ಹೃದಯ ಈಗ ಇಷ್ಟು ಗಟ್ಟಿಯಾಗಿ ಬಡಿಯುತ್ತಿತ್ತೋ ಇಲ್ಲವೋ ಹೇಳಲಾರೆ. ಇವನ ಬೆನ್ನಿಗೆ ಅಂಟಿಕೊಂಡು ಮಲಗು. ಬೆಂಕಿಗಿಂತ ಮೈಯ ಬಿಸಿ ಒಳ್ಳೆಯದು. ಮೇಲೆ ಎಷ್ಟು ಕಂಬಳಿ ಇದೆಯೋ ಅಷ್ಟೂ ಹೊದಿಸಿ."

ಹಿರಿಯರ ಮುಂದೆ, ಹಗಲು ಹೊತ್ತಿನಲ್ಲಿ. ಚಿನ್ನಿ ಒಂದು ಕ್ಷಣ ನಿಂತು, ಆಮೇಲೆ ಹೋಗಿ ಗಂಡನ ಬೆನ್ನಿಗೆ ಮಲಗಿದಳು. ಅಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ, ಒಲೆಯಲ್ಲೇನೋ ಕೆಲಸವಿದ್ದಂತೆ ಆ ಕಡೆಗೆ ತಿರುಗಿ ಕೂತರು.

ಉಸಿರು ಮತ್ತೆ ನಿಂತಿತು. ಮನೆಯಲ್ಲಿದ್ದವರೆಲ್ಲ ಉಸಿರು ಹಿಡಿದರು. ಬಂತು, ಗೊರಕೆಯ ಜೊತೆ.

ಹಾಲನ್‌ಗೆ ಸಹನೆ ಮೀರಿತು. "ನೋಡಮ್ಮ, ನೀನು ಓದಿದವಳು. ನಿಮ್ಮ ಮಂದಿ ಕೈಯಲ್ಲಿ ಲಿಂಗ ಇಟ್ಟು ಕಳಿಸುತ್ತೀರಿ, ನಿಮಗೆ ಅದು ಸಾಕು. ನಮ್ಮ ಹುಡುಗ ಬರಿಬಾಯಲ್ಲಿ ಹೋದರೆ ಅಲ್ಲಿ ಅವನನ್ನು ದಾಟಿಸೋದು ನೀನಾ?"

"ಅಲ್ಲ."

"ಮತ್ತೆ ಅಡ್ಡ ಬರಬೇಡ. ತೊಗರಿಬೇಳೆಯಷ್ಟು ಹಣ, ಅದು ಯಾರ ಗಂಟಲಿಗೆ ಸಿಕ್ಕಿಕೊಳ್ಳುತ್ತೆ?"

ಮಲ್ಲಮ್ಮ ಒಂದು ಬಟ್ಟೆಯ ತುದಿ ಹುರಿ ಮಾಡಿ ಹಾಲನ್ ಕೈಗೆ ಕೊಟ್ಟಳು. "ನಿಮ್ಮ ಕಿರುನಾಲಿಗೆಗೆ ಇದನ್ನು ಮುಟ್ಟಿಸಿಕೊಳ್ಳಿ, ಗೌಡರೇ."

"ನನಗೇಕೆ?"

"ಮುಟ್ಟಿಸಿ ನೋಡಿ."

ಹಾಲನ್ ಮುಟ್ಟಿಸಿಕೊಂಡ. ಓಕರಿಸಿ ಕಣ್ಣಲ್ಲಿ ನೀರು ತಂದುಕೊಂಡ. ಒಲೆಯ ಕಡೆ ಯಾರೋ ಕಿಸಕ್ಕೆಂದರು. ಮಲ್ಲಮ್ಮ ಇನ್ನೊಂದು ಬಟ್ಟೆಯ ತುದಿ ಹುರಿ ಮಾಡಿ, ಭೋಜನ್ ಬಾಯಿ ಬಿಡಿಸಿ, ಅದೇ ಜಾಗಕ್ಕೆ ಮೆಲ್ಲಗೆ ಮುಟ್ಟಿಸಿದಳು. ನಾಲಿಗೆ ಕದಲಲಿಲ್ಲ. ಗಂಟಲ ಮಣಿ ಏಳಲಿಲ್ಲ.

"ತಪ್ಪು ದಾರಿಗೆ ಏನೂ ಹೋಗದ ಹಾಗೆ ಗಂಟಲಿಗೆ ಒಂದು ಕಾವಲಿದೆ. ಈಗ ಅದೂ ಮಲಗಿದೆ. ನೀವು ಹಾಕಿದ ತುಪ್ಪ, ಹಣ ಇವನು ನುಂಗಲ್ಲ. ಉಸಿರಿನ ದಾರಿಗೆ ಜಾರುತ್ತೆ. ಹಣ ಸಣ್ಣದು, ಜಾರೋದು ಇನ್ನೂ ಸುಲಭ. ಹೋಗದೆ ಇರಬಹುದಾದವನನ್ನು ಆಗ ನಾವೇ ಕಳಿಸಿದ ಹಾಗೆ."

ಎಲ್ಲರೂ ಲಿಂಗಿಯ ಕಡೆ ನೋಡಿದರು. ಹಣ ಇನ್ನೂ ಅವಳ ಎರಡು ಬೆರಳ ನಡುವಿತ್ತು. ತುಪ್ಪ ಬೆರಳುಗಳ ಮೇಲೇ ಚಳಿಗೆ ಗಟ್ಟಿಯಾಗಿತ್ತು.

"ಮಲ್ಲಮ್ಮ," ಎಂದಳು ಲಿಂಗಿ, "ಬದುಕುತ್ತಾನಾ?"

ಇಂಥ ಹೊತ್ತಿಗೆ ಹೂಂ ಅನ್ನುವುದು ಸುಲಭ. ಮಲ್ಲಮ್ಮ ಅನ್ನಲಿಲ್ಲ. "ಗೊತ್ತಿಲ್ಲ, ಅವ್ವೆ. ಕ್ಯಾಂಪಿನಲ್ಲಿ ಇಂಥವರು ಎದ್ದದ್ದನ್ನೂ ನೋಡಿದ್ದೇನೆ, ಹೋದದ್ದನ್ನೂ ನೋಡಿದ್ದೇನೆ. ಬಲಪಕ್ಕೆಯ ಕೆಳಗೆ ಯಕೃತ್ತು ಅಂತ ಇದೆ. ಕುಡಿದದ್ದನ್ನು ಅದು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತೆ. ಅವಸರ ಮಾಡಿಸೋಕೆ ಔಷಧಿಯಿಲ್ಲ, ಕಾಪಿ ಕುಡಿಸಿದರೂ ಇಲ್ಲ, ನೀರು ಹೊಯ್ದರೂ ಇಲ್ಲ. ಅದು ತನ್ನ ಕೆಲಸ ಮುಗಿಸೋವರೆಗೆ ಉಸಿರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಅಷ್ಟೇ ನನ್ನ ಕೈಲಿರೋದು."

"ಕಾಯುವಾಗಲೇ ಹೋದರೆ?"

"ಹೋಗಬಹುದು."

ಲಿಂಗಿ ಮಗನನ್ನು ನೋಡುತ್ತ ಕೂತಳು. ಕೊಟ್ಟರೆ ತನ್ನ ಕೈಯಿಂದಲೇ ಕೊಂದಂತಾದೀತು. ಕೊಡದಿದ್ದರೆ, ಗುರುತಿನವರು ಯಾರೂ ಇಲ್ಲದ ಆ ದಡದಲ್ಲಿ ಅವನು ಎಂದೆಂದಿಗೂ ನಿಂತಿರಬೇಕು. ಮಗುವಾಗಿದ್ದಾಗ ಕತ್ತಲೆಗೆ ಹೆದರುತ್ತಿದ್ದವನು.

"ಹಾಲ," ಎಂದಳು ಕೊನೆಗೆ, "ಮಾವನಿಗೆ ಹಲ್ಲು ಕಚ್ಚಿಹೋಗಿತ್ತು. ಆಗ ಏನು ಮಾಡಿದೆವು?"

"ತೋಳಿಗೆ ಕಟ್ಟಿದೆವು. ನುಂಗಲಾರದವರಿಗೆ ಕಟ್ಟುವುದುಂಟು. ಆದರೆ ಅಪ್ಪನ ಬಾಯಿ ಮುಚ್ಚಿತ್ತು, ಅತ್ತಿಗೆ. ಇವನದ್ದು ತೆರೆದಿದೆ. ತೆರೆದ ಬಾಯಿ ಇಟ್ಟುಕೊಂಡು ತೋಳಿಗೆ ಕಟ್ಟಿದರು ಅಂತ ನಾಳೆ ಜನ ಅನ್ನುತ್ತಾರೆ."

"ನೀನೇ ನೋಡಿದೆಯಲ್ಲ, ಬಾಯಿ ತೆರೆದಿದ್ದರೂ ಗಂಟಲು ಮುಚ್ಚಿದೆ. ನುಂಗಲಾರದವನು ನುಂಗಲಾರದವನೇ. ಹೆತ್ತವಳು ನಾನು. ಅನ್ನುವವರು ನನ್ನನ್ನು ಅನ್ನಲಿ."

ಅವಳು ಹಣವನ್ನು ಅರಿವೆಯ ಚೂರಿನಲ್ಲಿ ಗಂಟು ಹಾಕಿ ಮಗನ ಬಲತೋಳಿಗೆ ಸುತ್ತಿದಳು. ಗಂಟು ಬಿಗಿಯುವಾಗ ಅವಳ ಕೈ ನಿಂತಿತು, ಮೇಲಕ್ಕೆತ್ತಿದ ತೋಳು ಅಷ್ಟು ಭಾರವಾಗಿತ್ತು. ಹಾಲನ್ ಬಗ್ಗಿ ಆ ತೋಳನ್ನು ಎತ್ತಿ ಹಿಡಿದ.

ಕಾದರು. ಬಿಸಿಲು ಬಂದು ಹುಲ್ಲಿನ ಬಿಳುಪು ಕರಗಿತು. ಪಕ್ಕದ ಮನೆಯವರು ಯಾರೂ ಹೇಳದೆ ಈ ಮನೆಯ ಎಮ್ಮೆಗಳನ್ನೂ ಕರೆದು ಹಾಲಿಟ್ಟು ಹೋದರು. ಉಸಿರು ತಡವಾದಾಗಲೆಲ್ಲ ಮಲ್ಲಮ್ಮ ಭೋಜನ್ ಗದ್ದವನ್ನು ಮುಂದಕ್ಕೆಳೆದು ಎದೆಯ ಮೂಳೆಯನ್ನು ಬೆರಳ ಗೆಣ್ಣಿನಿಂದ ಉಜ್ಜುತ್ತಿದ್ದಳು. ಆಗ ಅವನು ಉಸಿರೆಳೆಯುತ್ತಿದ್ದ. ಒಮ್ಮೆ ಉಜ್ಜಿದರೂ ಬರಲಿಲ್ಲ. ಮಲ್ಲಮ್ಮ ಹೆಗಲು ಹಿಡಿದು ಜೋರಾಗಿ ಅಲ್ಲಾಡಿಸಿದಳು. ಕಂಬಳಿಯೊಳಗಿಂದ ಚಿನ್ನಿ, "ಏ, ಏ ಭೋಜಾ!" ಎಂದು ಗಂಡನ ಹೆಸರು ಹಿಡಿದು ಕೂಗಿದಳು. ಅವನ ಹೊಟ್ಟೆ ಒಮ್ಮೆ ಸೆಳೆಯಿತು. ಬಾಯಿಂದ ಹುಳಿವಾಸನೆಯ ನೀರು ನೆಲಕ್ಕೆ ಹರಿಯಿತು. ಮಲ್ಲಮ್ಮ ಬೆರಳಿಗೆ ಬಟ್ಟೆ ಸುತ್ತಿ ಬಾಯಿಯೊಳಗೆಲ್ಲ ಒರೆಸಿದಳು. ಅವನು ಕೆಮ್ಮಿದ.

"ಕಾವಲು ಎದ್ದಿತು," ಎಂದಳು.

ಸ್ವಲ್ಪ ಹೊತ್ತಿಗೆ ಭೋಜನ್ ಮೈ ನಡುಗತೊಡಗಿತು. ಲಿಂಗಿ ಹೆದರಿದಳು.

"ಒಳ್ಳೆಯದು, ಅವ್ವೆ. ಇಷ್ಟು ಹೊತ್ತು ನಡುಗುವ ಶಕ್ತಿಯೂ ಇರಲಿಲ್ಲ. ಈಗ ಮೈ ತಾನೇ ಬಿಸಿ ಮಾಡಿಕೊಳ್ಳುತ್ತಿದೆ."

ಲಿಂಗಿ ಎದ್ದು ಒಲೆಯ ಮೇಲಿದ್ದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಜಗಲಿಗೆ ಹೋದಳು. ಜಯರಾಮನ್ ಅಲ್ಲೇ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಒಳಗೆ ಯಾರೂ ಕರೆದಿರಲಿಲ್ಲ, ಅವನು ಎದ್ದು ಹೋಗಿಯೂ ಇರಲಿಲ್ಲ. ಅವಳು ಬಟ್ಟಲು ಅವನ ಕೈಗಿಟ್ಟು, ತನ್ನ ಹೆಗಲ ಮೇಲಿನ ದುಪ್ಪಟಿಯನ್ನು ಅವನಿಗೆ ಹೊದಿಸಿದಳು.

"ಅಮ್ಮಾ, ನಾನು..."

"ಮೊದಲು ಕುಡಿ. ಬೈಯೋದು ಇನ್ನೂ ಇದೆ, ಎಲ್ಲಿಗೂ ಹೋಗಬೇಡ."

ಭೋಜನ್ ಕಣ್ಣು ಬಿಟ್ಟದ್ದು ಬಿಸಿಲು ಅಂಗಳ ದಾಟಿ ಬಾಗಿಲೊಳಗೆ ಬಂದ ಮೇಲೆ.

"ಎತ್ತು?" ಎಂದ.

"ನಿನ್ನ ಎತ್ತುಗಳು ಚೆನ್ನಾಗಿವೆ," ಎಂದ ಹಾಲನ್. "ಅವುಗಳಿಗೆ ನಿನಗಿಂತ ಬುದ್ಧಿಯಿದೆ. ನೀರು ಕುಡಿಯುತ್ತವೆ." ಹೀಗೆಂದು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಭೋಜನ್ ಏಳಲು ನೋಡಿ, ಆಗದೆ, ಬಲತೋಳಿನ ಕಡೆ ಕಣ್ಣು ಹಾಯಿಸಿದ. ಅರಿವೆಯ ಗಂಟನ್ನು ನೋಡಿದ. ಅಜ್ಜನ ತೋಳಿಗೆ ಕಟ್ಟಿದ್ದಾಗ ಅವನು ಪಕ್ಕದಲ್ಲೇ ನಿಂತಿದ್ದವನು. ಅದು ಏನೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ತಾಯಿಯ ಕಡೆ ತಿರುಗಿದ.

"ಅಷ್ಟು ದೂರ ಹೋಗಿದ್ದೆನಾ?"

ಲಿಂಗಿ ಅವನ ಹಣೆಯ ಮೇಲಿನ ಕೂದಲು ಸರಿಸಿದಳು.

"ಮೊದಲಿನಷ್ಟೇ ಕುಡಿದದ್ದು, ನರ್ಸಮ್ಮ. ಮೊದಲಿನಷ್ಟೇ." ಅವನ ಮಾತಿನಲ್ಲಿ ನೆಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು, ತನ್ನದೇ ಹಿತ್ತಿಲಲ್ಲಿ ದಾರಿ ತಪ್ಪಿದವನ ಹಾಗೆ. "ಹಾಗಾದರೆ ನನಗೆ ಎಷ್ಟು ಲೆಕ್ಕ?"

ಮಲ್ಲಮ್ಮ ಅವನ ನಾಡಿ ಮತ್ತೊಮ್ಮೆ ನೋಡಿದಳು. "ಅದನ್ನು ನಾನು ಹೇಳಲಾರೆ, ಭೋಜಣ್ಣ. ನಿನ್ನೆ ನಿನಗೇ ಗೊತ್ತಾಗಲಿಲ್ಲ. ಹಸಿದ ಹೊಟ್ಟೆಗೆ ಒಂದು ಅಳತೆ, ಚಳಿಯಲ್ಲಿ ಒಂದು, ವಯಸ್ಸಾದ ಮೇಲೆ ಇನ್ನೊಂದು. ಮಿತಿ ಎಲ್ಲಿದೆ ಅಂತ ತೋರಿಸುವ ಗುರುತು ಮೈಯ ಹೊರಗೆ ಎಲ್ಲೂ ಇಲ್ಲ. ದಾಟಿದ ಮೇಲೆ ಗೊತ್ತಾಗುತ್ತೆ, ಆಗ ಗೊತ್ತುಮಾಡಿಕೊಳ್ಳಬೇಕಾದವನು ನಿದ್ದೆಯಲ್ಲಿರುತ್ತಾನೆ."

ಅವನು ಹೆಂಡತಿಯನ್ನು ಹುಡುಕಿದ. ಚಿನ್ನಿ ಕಂಬಳಿಗಳನ್ನು ಮಡಿಸುತ್ತಿದ್ದಳು, ಅವನ ಕಡೆ ನೋಡಲಿಲ್ಲ.

"ಇನ್ನೊಂದು ವರ್ಷ ಆಣೆ ಇಡಲಾ?" ಎಂದ ಅವಳಿಗೆ.

"ಬೇಡ," ಎಂದಳು ಚಿನ್ನಿ. "ವರ್ಷ ಅಂದರೆ ನೀನು ಅದು ಮುಗಿಯೋ ದಿನ ಕಾಯುತ್ತೀಯ. ನಾನೂ ಕಾಯಬೇಕು."

ಭೋಜನ್ ತೋಳಿನ ಗಂಟನ್ನು ಎಡಗೈಯಿಂದ ಬಿಚ್ಚತೊಡಗಿದ. ಬೆರಳುಗಳು ಮಾತು ಕೇಳಲಿಲ್ಲ. ಚಿನ್ನಿ ಕಂಬಳಿ ಕೆಳಗಿಟ್ಟು ಬಂದು ಹಲ್ಲಿನಿಂದ ಗಂಟು ಸಡಿಲಿಸಿಕೊಟ್ಟಳು.

"ಒಮ್ಮೆ ಕಟ್ಟಿದ್ದನ್ನು ಬಿಚ್ಚಬಹುದಾ?" ಎಂದು ಹಾಲನ್ ಅನುಮಾನಿಸಿದ. "ಬಿಚ್ಚಿದವರನ್ನು ನಾನು ಕಂಡಿಲ್ಲ."

"ಬಿಚ್ಚದೆ? ಅದು ನನ್ನದು," ಎಂದಳು ಲಿಂಗಿ. "ನನಗೆ ಅಂತ ತೌರಿಂದ ತಂದಿಟ್ಟುಕೊಂಡದ್ದು. ಮನೆಯಲ್ಲಿ ಬೇರೆ ಇಲ್ಲ. ಕೊಡು ಇಲ್ಲಿ. ನನ್ನ ಹೊತ್ತು ಬಂದಾಗ ಇದನ್ನು ನನ್ನ ಬಾಯಿಗಿಡಬೇಕಾದವನು ನೀನು. ನಾನು ನಿನಗೆ ಇಡೋದಲ್ಲ."

ಭೋಜನ್ ಹಣವನ್ನು ತಾಯಿಯ ಅಂಗೈಗೆ ಹಾಕಲು ಕೈಚಾಚಿದ. ಕೈ ಎಷ್ಟು ನಡುಗುತ್ತಿತ್ತೆಂದರೆ ಹಣ ಅಂಗೈ ತಪ್ಪಿ ನೆಲಕ್ಕೆ ಬಿದ್ದು ಕಂಬಳಿಗಳ ನಡುವೆ ಎಲ್ಲೋ ಸೇರಿತು. ಚಿನ್ನಿ, ಹಾಲನ್, ಮಲ್ಲಮ್ಮ ಮೂವರೂ ಬಗ್ಗಿ ಹುಡುಕತೊಡಗಿದರು.

"ಈ ಕೈಯಲ್ಲಿ ಇಟ್ಟರೆ," ಎಂದಳು ಲಿಂಗಿ, "ನನ್ನ ಮೂಗಿಗೆ ಹಾಕುತ್ತೀಯ."

ಬಗ್ಗಿದ್ದ ಚಿನ್ನಿಗೆ ನಗು ಬಂತು. ಅದು ನಿಲ್ಲದೆ ಅಳುವಾಯಿತು. ಭೋಜನ್‌ನ ನಡುಗುವ ಕೈ ಅವಳ ಬೆನ್ನಿನವರೆಗೆ ಬಂತು, ಅಲ್ಲೇ ನಿಂತು, ಮೆಲ್ಲಗೆ ಇಳಿದು ಬೆನ್ನ ಮೇಲೆ ಕೂತಿತು. ಅವಳು ಅದನ್ನು ತಳ್ಳಲಿಲ್ಲ. ತಲೆ ಎತ್ತದೆ ಹುಡುಕುತ್ತಲೇ ಇದ್ದಳು.